ನೋಡುಗರ ಓಲೆ: ಹುವೆಲ್ವಾದ ಕಡಲಿಗೆ ಬಂದ ಟಪಾಲು

ಕಳೆದ ತಿಂಗಳು ಈ ಅಂಕಣದಲ್ಲಿ 1956ರ ‘ದಿ ಮ್ಯಾನ್ ಹೂ ನೆವರ್ ವಾಸ್’ ಎಂಬ ಇಂಗ್ಲಿಷ್ ಚಿತ್ರದ ಬಗ್ಗೆ ಬರೆದು, ನೋಡಿದವರು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೇಳಿದ್ದೆ. ನೋಡದವರಿಗಾಗಿ ಕಥೆಯನ್ನು ಮತ್ತೊಮ್ಮೆ ಚಿಕ್ಕದಾಗಿ ಹೇಳುತ್ತೇನೆ. ಎರಡನೆಯ ಮಹಾಯುದ್ಧದ 1943ನೆಯ ಇಸವಿ. ಬ್ರಿಟನ್ ಮತ್ತು ಅದರ ಮಿತ್ರರು ಇಟಲಿಯ ಸಿಸಿಲಿ ದ್ವೀಪದ ಮೇಲೆ ಇಳಿಯಲು ಸಿದ್ಧರಾಗಿದ್ದಾರೆ. ಅದಕ್ಕೆ ಮೊದಲು ಜರ್ಮನರ ಗಮನವನ್ನು ಗ್ರೀಸ್ ದೇಶದ ಕಡೆ ತಿರುಗಿಸಬೇಕು. ಬ್ರಿಟಿಷ್ ನೌಕಾದಳದ ಗುಪ್ತಚರರು ಸತ್ತ ಯುವಕನೊಬ್ಬನ ದೇಹಕ್ಕೆ ಸಮವಸ್ತ್ರ ತೊಡಿಸಿ, ‘ಮೇಜರ್ ವಿಲಿಯಂ ಮಾರ್ಟಿನ್’ ಎಂದು ಹೆಸರಿಟ್ಟು, ಸುಳ್ಳು ಪತ್ರಗಳ ಚೀಲವನ್ನು ಅವನಿಗೆ ಕಟ್ಟಿ, ವಿಮಾನ ಬಿದ್ದು ಸತ್ತವನಂತೆ ಕಾಣುವ ಹಾಗೆ ಸ್ಪೇನಿನ ಹುವೆಲ್ವಾ ಊರಿನ ಬಳಿ ಕಡಲಿಗೆ ಬಿಡುತ್ತಾರೆ. ಪತ್ರಗಳ ನಕಲು ಸ್ಪೇನಿನವರ ಮೂಲಕ ಜರ್ಮನರ ಕೈ ಸೇರುತ್ತದೆ. ಅವರು ನಂಬುತ್ತಾರೋ ಇಲ್ಲವೋ ಎಂಬುದೇ ಉಳಿದ ಚಿತ್ರ.

ಬಂದ ಓಲೆಗಳಲ್ಲಿ ಆರನ್ನು ಆರಿಸಿದ್ದೇನೆ. ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು, ಉತ್ತರಗಳಿಗೆ ಅದರ ಅಗತ್ಯವಿದೆ. ನಾನು ಮೂವತ್ತನಾಲ್ಕು ವರ್ಷ ಟಪಾಲು ವಿಂಗಡಿಸಿ ನಿವೃತ್ತನಾದವನು. ಹೆಚ್ಚಿನದೆಲ್ಲ ರಾತ್ರಿ ಪಾಳಿ. ಆದ್ದರಿಂದ ಈ ಚಿತ್ರದಲ್ಲಿ ನನ್ನ ಕಣ್ಣು ಗೂಢಚಾರರಿಗಿಂತ ಲಕೋಟೆಯ ಮೇಲೆಯೇ ಹೆಚ್ಚಾಗಿ ನೆಟ್ಟಿರುತ್ತದೆ.

ನಿಜ ಘಟನೆ ಎಂದು ಬರೆದಿದ್ದಿರಿ. ಆದರೆ ನ್ಯುಮೋನಿಯಾದಿಂದ ಸತ್ತವನು ಕಡಲಲ್ಲಿ ಮುಳುಗಿ ಸತ್ತವನಂತೆ ಕಾಣುತ್ತಾನೆ ಎಂಬುದು ನನಗೆ ಒಪ್ಪಿಗೆಯಾಗಲಿಲ್ಲ. ಎಷ್ಟು ನಿಜ, ಎಷ್ಟು ಕಟ್ಟುಕಥೆ?
*ಔಷಧ ವ್ಯಾಪಾರಿ, ರಾಣೇಬೆನ್ನೂರು*

ನಿಮ್ಮ ಅನುಮಾನ ಸರಿಯಾದ ಜಾಗದಲ್ಲಿಯೇ ಎದ್ದಿದೆ. ಕಥೆಯ ಬೆನ್ನೆಲುಬು ನಿಜ. ಯೋಜನೆಯನ್ನು ನಡೆಸಿದ ನೌಕಾದಳದ ಅಧಿಕಾರಿ ಯೂಯೆನ್ ಮಾಂಟೆಗು 1953ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಅದನ್ನೇ ನಿರ್ದೇಶಕ ರೊನಾಲ್ಡ್ ನೀಮ್ ಚಿತ್ರ ಮಾಡಿದರು. ಮಾಂಟೆಗು ಪಾತ್ರ ಕ್ಲಿಫ್ಟನ್ ವೆಬ್ ಅವರದು. ನಿಜವಾದ ಮಾಂಟೆಗು ಕೂಡ ಚಿತ್ರದಲ್ಲಿದ್ದಾರೆ, ತಮ್ಮದೇ ಯೋಜನೆಯನ್ನು ಅನುಮಾನಿಸುವ ವಾಯುದಳದ ಹಿರಿಯ ಅಧಿಕಾರಿಯಾಗಿ ಒಂದು ದೃಶ್ಯದಲ್ಲಿ ಕಾಣಿಸಿಕೊಳ್ಳುತ್ತಾರೆ. ಈ ಉಪಾಯವನ್ನು ಯೋಜನೆಯಾಗಿ ಮುಂದಿಟ್ಟದ್ದು ಚಾರ್ಲ್ಸ್ ಚಮ್ಲೀ ಎಂಬ ವಾಯುದಳದ ಅಧಿಕಾರಿ. ಆ ಹೆಸರು ಚಿತ್ರದಲ್ಲಿಲ್ಲ. ಇದು ನನಗೆ ಸರಿ ಕಾಣಲಿಲ್ಲ.

ಸಾವಿನ ವಿಷಯಕ್ಕೆ ಬರೋಣ. ಆತ ನ್ಯುಮೋನಿಯಾದಿಂದ ಸತ್ತವನಲ್ಲ. ರಂಜಕವಿರುವ ಇಲಿಪಾಷಾಣ ಹೊಟ್ಟೆಗೆ ಹೋಗಿ 1943ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಮುಳುಗಿ ಸತ್ತವನಲ್ಲ ಎಂಬುದು ಶವಪರೀಕ್ಷೆಯಲ್ಲಿ ತಿಳಿಯುವುದಿಲ್ಲವೇ ಎಂದು ನೀವು ಕೇಳುತ್ತೀರಿ. ಅದನ್ನೇ ಗುಪ್ತಚರರು ಬರ್ನಾರ್ಡ್ ಸ್ಪಿಲ್ಸ್‌ಬರಿ ಎಂಬ ಹೆಸರಾಂತ ಶವಪರೀಕ್ಷಾ ತಜ್ಞರಿಗೆ ಕೇಳಿದ್ದರು. ವಿಮಾನ ಕಡಲಿಗೆ ಬಿದ್ದಾಗ ಎಲ್ಲರೂ ಮುಳುಗಿಯೇ ಸಾಯುವುದಿಲ್ಲ, ಆಘಾತದಿಂದಲೂ ಸಾಯುತ್ತಾರೆ, ಆದ್ದರಿಂದ ಶ್ವಾಸಕೋಶದಲ್ಲಿ ನೀರು ಇರಲೇಬೇಕೆಂದಿಲ್ಲ ಎಂಬುದು ಅವರ ಸಲಹೆ.

ನಿಜ ಘಟನೆಯ ಸಣ್ಣ ಸಂಗತಿಗಳು ನನಗೆ ಬಹಳ ಹಿಡಿಸುತ್ತವೆ. ಶೀತಕೋಣೆಯಲ್ಲಿದ್ದ ದೇಹದ ಪಾದಗಳು ಸೆಟೆದು ಬೂಟು ಏರಲಿಲ್ಲ. ವಿದ್ಯುತ್ ಹೀಟರಿನಿಂದ ಪಾದಗಳನ್ನಷ್ಟೇ ಬೆಚ್ಚಗೆ ಮಾಡಿ ಬೂಟು ತೊಡಿಸಿದರು. ಯುದ್ಧಕಾಲದಲ್ಲಿ ಬಟ್ಟೆಗೂ ಪಡಿತರವಿತ್ತು. ಒಳ್ಳೆಯ ಒಳ ಉಡುಪು ಬೇಕಾದಾಗ, ತೀರಿಹೋಗಿದ್ದ ಆಕ್ಸ್‌ಫರ್ಡಿನ ವಿದ್ವಾಂಸ ಎಚ್. ಎ. ಎಲ್. ಫಿಶರ್ ಅವರದನ್ನು ತಂದರು. ದೇಹವನ್ನು ಒಣ ಮಂಜುಗಡ್ಡೆ ತುಂಬಿದ ಉಕ್ಕಿನ ಪೀಪಾಯಿಯಲ್ಲಿ ಇಟ್ಟು, ಮೇಲೆ ‘ದೃಕ್ ಉಪಕರಣಗಳು’ ಎಂದು ಬರೆದು, ‘ಸೆರಾಫ್’ ಎಂಬ ಜಲಾಂತರ್ಗಾಮಿಯಲ್ಲಿ ಒಯ್ದರು. ಏಪ್ರಿಲ್ 30ರ ನಸುಕಿನಲ್ಲಿ ಅದರ ಕಮಾಂಡರ್ ಬಿಲ್ ಜ್ಯುವೆಲ್ ದೇಹವನ್ನು ನೀರಿಗಿಳಿಸಿದರು. ಮೀನುಗಾರರೊಬ್ಬರಿಗೆ ಅದು ಸಿಕ್ಕಿತು. ಮೇ 2ರಂದು ಹುವೆಲ್ವಾದಲ್ಲಿ ಸೈನಿಕ ಗೌರವದೊಡನೆ ಮಣ್ಣು ಮಾಡಿದರು.

ಗೂಢಚಾರ ಚಿತ್ರವೆಂದು ಗೆಳತಿಯರನ್ನು ಕೂರಿಸಿಕೊಂಡು ಹಾಕಿದೆ. ಹೊಡೆದಾಟವಿಲ್ಲ, ಬರೀ ಕಚೇರಿ, ಕಡತ, ಮಾತು. ಅರ್ಧಕ್ಕೆ ಎಲ್ಲರೂ ಎದ್ದುಹೋದರು. ನನಗೆ ಲೂಸಿ ಅಳುವ ದೃಶ್ಯ ಮಾತ್ರ ಮನಸ್ಸಿನಲ್ಲಿ ಉಳಿದಿದೆ. ಇದನ್ನು ಶ್ರೇಷ್ಠ ಚಿತ್ರವೆಂದು ಏಕೆ ಕರೆಯುತ್ತೀರಿ?
*ಪದವಿ ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ*

ತಂಗಿ, ಉಳಿದದ್ದು ಅದೊಂದೇ ದೃಶ್ಯವಾದರೂ ನೀನು ಚಿತ್ರವನ್ನು ಸರಿಯಾಗಿಯೇ ನೋಡಿದ್ದೀಯೆ. ನಾನು ಮೊದಲು ನೋಡಿದಾಗ ನಿನ್ನಷ್ಟೇ ವಯಸ್ಸು. ಧಾರವಾಡದಿಂದ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ ಭಾನುವಾರದ ಬೆಳಗಿನ ಆಟದಲ್ಲಿ ನೋಡಿದ್ದೆ. ಇಂಗ್ಲಿಷ್ ಅರ್ಧ ತಿಳಿಯಿತು. ನಡುಭಾಗ ನನಗೂ ಬಹಳ ಉದ್ದವೆನಿಸಿತ್ತು, ಈಗಲೂ ಹಾಗೆಯೇ ಅನಿಸುತ್ತದೆ. ಆದರೆ ಟಪಾಲಿನ ಕೆಲಸಕ್ಕೆ ಸೇರಿ ಹತ್ತು ವರ್ಷವಾದ ಮೇಲೆ ಎರಡನೆಯ ಸಲ ನೋಡಿದಾಗ ಲೂಸಿಯ ಪತ್ರ ಬೇರೆಯೇ ಆಗಿ ಕಂಡಿತು.

ದೃಶ್ಯವನ್ನು ನೆನಪಿಸಿಕೋ. ಸತ್ತ ‘ಮೇಜರ್’ನ ಜೇಬಿನಲ್ಲಿ ಪ್ರೇಯಸಿಯ ಪತ್ರ ಇರಬೇಕು. ಮಾಂಟೆಗು ಅವರ ಸಹಾಯಕಿ ಪಾಮ್‌ಗೆ ಅಂಥ ಪತ್ರ ಬರೆಯಲು ಬಾರದು. ಅವಳ ಕೋಣೆಯಲ್ಲಿಯೇ ಇರುವ ಗೆಳತಿ ಲೂಸಿ, ಅಂದರೆ ನಟಿ ಗ್ಲೋರಿಯಾ ಗ್ರಹಾಮ್, ಮಾತುಗಳನ್ನು ಹೇಳುತ್ತಾ ಹೋಗುತ್ತಾಳೆ. ಅವಳು ಪ್ರೀತಿಸುವ ಜೋ ವಾಯುದಳದ ಪೈಲಟ್. ಅವನು ಮರಳುತ್ತಾನೋ ಇಲ್ಲವೋ ಎಂಬ ಭಯ ಆ ಪತ್ರದಲ್ಲಿ ತುಂಬಿದೆ. ಇಲ್ಲದ ಮನುಷ್ಯನ ವಿಳಾಸಕ್ಕೆ ಬರೆದ ಪತ್ರ ಅದು. ಆದರೆ ಅದರ ಪ್ರತಿಯೊಂದು ಮಾತು ಜೋಗೆ ಸೇರಬೇಕಾದದ್ದು, ಜೋಗೆ ಅದು ಎಂದೂ ಸೇರುವುದಿಲ್ಲ. ಕೈಯಲ್ಲಿ ಸಾವಿರ ಕಾಗದ ಹಿಡಿದು ಗೂಡುಗಳಿಗೆ ಹಾಕುತ್ತಿದ್ದ ನನಗೆ, ಮೇಲಿನ ವಿಳಾಸ ಒಬ್ಬರದು, ಒಳಗಿನ ಮಾತು ಇನ್ನೊಬ್ಬರದು ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ನಿಜ ಘಟನೆಯಲ್ಲಿ ಆ ಪ್ರೇಮಪತ್ರಗಳನ್ನು ಬರೆದದ್ದು ಗುಪ್ತಚರ ಕಚೇರಿಯ ಹಿರಿಯ ಮಹಿಳಾ ಉದ್ಯೋಗಿ. ಜೊತೆಗಿಟ್ಟ ‘ಪಾಮ್’ ಭಾವಚಿತ್ರ ಅದೇ ಕಚೇರಿಯ ಯುವತಿ ಜೀನ್ ಲೆಸ್ಲಿ ಅವರದು. ಅಷ್ಟೇ ಅಲ್ಲ, ಉಂಗುರ ಕೊಂಡ ಅಂಗಡಿಯ ಬಿಲ್ಲು, ನಾಟಕದ ಹರಿದ ಟಿಕೆಟುಗಳು, ಖಾತೆಯಲ್ಲಿ ಇದ್ದುದಕ್ಕಿಂತ ಹೆಚ್ಚು ತೆಗೆದಿದ್ದೀರಿ ಎಂಬ ಬ್ಯಾಂಕಿನ ಪತ್ರ, ಎಲ್ಲವನ್ನೂ ಜೇಬಿಗೆ ಹಾಕಿದರು. ಸಾಲ, ಪ್ರೀತಿ, ನಾಟಕದ ಚಟ. ಇವುಗಳಿಂದ ಒಬ್ಬ ಮನುಷ್ಯನನ್ನು ಕಟ್ಟಿದರು. ಈ ಕೆಲಸವನ್ನು ನೋಡುವಾಗ ನನಗೆ ಹೊಡೆದಾಟದ ನೆನಪೇ ಬರುವುದಿಲ್ಲ. ಗೆಳತಿಯರನ್ನು ಬಿಟ್ಟು ಒಬ್ಬಳೇ ಇನ್ನೊಮ್ಮೆ ನೋಡು.

ಲಕೋಟೆಯ ಅರಗು ಒಡೆಯದೆ ಒಳಗಿನ ಕಾಗದ ತೆಗೆದು ಓದಿ, ಮತ್ತೆ ಒಳಗಿಡಲು ಸಾಧ್ಯವೇ? ತೆಗೆದದ್ದು ಬ್ರಿಟಿಷರಿಗೆ ಹೇಗೆ ಗೊತ್ತಾಯಿತು? ನಿಮ್ಮದು ಟಪಾಲಿನ ನೌಕರಿ, ನೀವೇ ಹೇಳಬೇಕು.
*ಕೈಮಗ್ಗದ ನೇಕಾರರು, ಬೆಟಗೇರಿ*

ಬಂದ ಪ್ರಶ್ನೆಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದು. ಉತ್ತರ ಉದ್ದವಾದರೆ ಕ್ಷಮಿಸಬೇಕು.

ಸಾಧ್ಯವಿದೆ. ಸ್ಪೇನಿನವರು ಅದನ್ನು ಮಾಡಿದರು, ನಿಮ್ಮ ಕಸುಬಿನವರು ಮೆಚ್ಚುವಂತೆ ಮಾಡಿದರು. ಹಳೆಯ ಲಕೋಟೆಗಳ ಮಡಿಕೆಗಳು ಕೂಡುವಲ್ಲಿ ಅಂಟು ಹತ್ತದ ಸಣ್ಣ ಸಂದಿ ಉಳಿಯುತ್ತದೆ. ಆ ಸಂದಿಯಿಂದ ತೆಳುವಾದ ಲೋಹದ ಕಡ್ಡಿ ತೂರಿಸಿ, ನೀವು ಕಂಡಿಕೆಗೆ ನೂಲು ಸುತ್ತುವ ಹಾಗೆ, ನೆನೆದು ಮೆತ್ತಗಾಗಿದ್ದ ಕಾಗದವನ್ನು ಅದಕ್ಕೆ ಬಿಗಿಯಾಗಿ ಸುತ್ತುತ್ತಾ ಸುರುಳಿಯಾಗಿ ಹೊರಗೆಳೆದರು. ಅರಗು ಹಾಗೆಯೇ ಉಳಿಯಿತು. ಕಾಗದವನ್ನು ಒಣಗಿಸಿ ಫೋಟೊ ತೆಗೆಸಿದರು. ಮತ್ತೆ ಇಪ್ಪತ್ತನಾಲ್ಕು ತಾಸು ಉಪ್ಪುನೀರಿನಲ್ಲಿ ನೆನೆಸಿ, ಸುರುಳಿ ಸುತ್ತಿ ಅದೇ ಸಂದಿಯಿಂದ ಒಳಗೆ ಸೇರಿಸಿ ಬಿಡಿಸಿದರು. ನಂತರ ಎಲ್ಲವನ್ನೂ ಬ್ರಿಟಿಷರಿಗೆ ಮರ್ಯಾದೆಯಿಂದ ಹಿಂದಿರುಗಿಸಿದರು.

ಬ್ರಿಟಿಷರು ಪತ್ತೆ ಹಚ್ಚಿದ ರೀತಿ ಇದಕ್ಕಿಂತ ಸೊಗಸು. ಕಳುಹಿಸುವ ಮೊದಲೇ ಕಾಗದದ ಮಡಿಕೆಯಲ್ಲಿ ಒಂದು ರೆಪ್ಪೆಗೂದಲು ಇಟ್ಟಿದ್ದರು. ಮರಳಿ ಬಂದಾಗ ಅದು ಇರಲಿಲ್ಲ. ಎರಡನೆಯದಾಗಿ, ಕಾಗದದ ಎಳೆಗಳು ಒಂದಕ್ಕಿಂತ ಹೆಚ್ಚು ಸಲ ಮಡಿಚಿದ್ದರಿಂದ ಮುರಿದಿದ್ದವು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಲಂಡನ್ನಿಗೆ ಬಂದಾಗಲೂ ಕಾಗದ ಒದ್ದೆಯಾಗಿತ್ತು. ಒಣಗಲು ಬಿಟ್ಟಾಗ ಅದು ತನಗೆ ತಾನೇ ಸುರುಳಿಯಾಗತೊಡಗಿತು. ಕಡ್ಡಿಗೆ ಸುತ್ತಿದ ಆಕಾರವನ್ನು ಕಾಗದ ಮರೆತಿರಲಿಲ್ಲ.

ಇದನ್ನು ಓದಿದಾಗ ನನಗೆ ಅಳ್ನಾವರ ಕಡೆಯಿಂದ ಒದ್ದೆಯಾಗಿ ಬಂದ ಚೀಲಗಳ ರಾತ್ರಿ ನೆನಪಾಯಿತು. ಆಷಾಢದ ಮಳೆ. ನೌಕರಿಗೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಚೀಲ ಬಿಚ್ಚಿದರೆ ಕಾಗದಗಳು ಮುದ್ದೆಯಾಗಿ ಅಂಟಿಕೊಂಡಿದ್ದವು. ನೆಲಕ್ಕೆ ಹಳೆಯ ದಿನಪತ್ರಿಕೆ ಹಾಸಿ, ಒಂದೊಂದನ್ನೇ ಬಿಡಿಸಿ, ಫ್ಯಾನಿನ ಕೆಳಗೆ ಹರಡಿದೆವು. ಬೆಳಗಾಗುವ ಹೊತ್ತಿಗೆ ಅರ್ಧದಷ್ಟು ಲಕೋಟೆಗಳ ಅಂಟು ಬಿಟ್ಟು ಬಾಯಿ ತೆರೆದಿದ್ದವು. ಜೊತೆಗಿದ್ದ ಹಿರಿಯರು ನನಗೆ ಒಂದೇ ಮಾತು ಹೇಳಿದರು: ವಿಳಾಸ ಮೇಲಿರಲಿ, ತೆರೆದ ಬಾಯಿ ನೆಲದ ಕಡೆ ಇರಲಿ, ಕಣ್ಣು ವಿಳಾಸದ ಮೇಲಿರಲಿ. ಪ್ರತಿಯೊಂದನ್ನೂ ಗೋಂದು ಹಚ್ಚಿ ಮುಚ್ಚಿ, ‘ಒದ್ದೆಯಾಗಿ ಬಂದಿದೆ’ ಎಂದು ಬರೆದು ಸಹಿ ಹಾಕಿದೆವು. ಬೇರೆಯವರ ಕಾಗದ ಕೈಯಲ್ಲಿದ್ದೂ ಓದದೆ ಇರುವುದು ನನ್ನ ನೌಕರಿಯ ಮೊದಲ ಪಾಠ. ಈ ಚಿತ್ರವೆಲ್ಲ ಬೇರೆಯವರ ಕಾಗದವನ್ನು ಓದುತ್ತಾರೆಂಬ ನಂಬಿಕೆಯ ಮೇಲೆ ನಿಂತಿದೆ. ನೋಡುವಾಗ ಪ್ರತಿ ಸಲವೂ ಎದೆ ಸ್ವಲ್ಪ ಬಿಗಿಯುತ್ತದೆ.

ಪತ್ರದಲ್ಲಿ ಏನಿತ್ತು ಎಂದು ಇನ್ನೂ ಕೆಲವರು ಕೇಳಿದ್ದಾರೆ. ಮುಖ್ಯವಾದದ್ದು ಬ್ರಿಟಿಷ್ ಸೇನೆಯ ಜನರಲ್ ನೈ ಅವರು ಜನರಲ್ ಅಲೆಕ್ಸಾಂಡರ್ ಅವರಿಗೆ ಬರೆದದ್ದು. ಗ್ರೀಸಿನಲ್ಲಿ ಇಳಿಯುತ್ತೇವೆ, ಸಿಸಿಲಿ ಬರೀ ತೋರಿಕೆ ಎಂಬ ಅರ್ಥ ಬರುವಂತೆ, ಗೆಳೆಯರ ಹರಟೆಯ ನಡುವೆ ತೇಲಿಸಿ ಬರೆಸಿದ್ದರು. ನೈ ಅವರ ಕೈಯಿಂದಲೇ ಬರೆಸಿದರು ಎಂಬುದನ್ನು ಗಮನಿಸಿ. ಒಬ್ಬರ ಧಾಟಿಯನ್ನು ಇನ್ನೊಬ್ಬರು ತರಲಾಗದು.

ಚಿತ್ರ ಚೆನ್ನಾಗಿದೆ. ಆದರೆ ಎಲ್ಲವೂ ಇಂಗ್ಲಿಷರ ಬುದ್ಧಿವಂತಿಕೆ. ಆ ಯುದ್ಧದಲ್ಲಿ ನಮ್ಮ ಕಡೆಯ ಸೈನಿಕರೂ ಇಟಲಿಗೆ ಹೋಗಿದ್ದರಲ್ಲವೇ?
*ನಿವೃತ್ತ ಹವಾಲ್ದಾರರು, ಶಿಗ್ಗಾವಿ*

ಹೋಗಿದ್ದರು. 1943ರ ಜುಲೈ 10ರಂದು ಮಿತ್ರಪಡೆಗಳು ಸಿಸಿಲಿಯಲ್ಲಿ ಇಳಿದವು, ಆಗಸ್ಟ್ 17ಕ್ಕೆ ದ್ವೀಪ ಕೈಗೆ ಬಂತು. ಜರ್ಮನರು ಪತ್ರವನ್ನು ನಂಬಿ ಒಂದು ಟ್ಯಾಂಕ್ ಡಿವಿಜನ್ನನ್ನು ಫ್ರಾನ್ಸಿನಿಂದ ಗ್ರೀಸಿಗೆ ಸಾಗಿಸಿದ್ದರು. ಸೆಪ್ಟೆಂಬರಿನಲ್ಲಿ ಇಟಲಿಯ ಟಾರಾಂಟೊ ಬಂದರಿನಲ್ಲಿ ಭಾರತದ ಎಂಟನೆಯ ಡಿವಿಜನ್ ಇಳಿಯಿತು. ಅದರಲ್ಲಿ ಮರಾಠಾ ರೆಜಿಮೆಂಟಿನ ಪಡೆಯೂ ಇತ್ತು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಅದೇ ರೆಜಿಮೆಂಟಿನ ನಾಯಕ್ ಯಶವಂತ ಘಾಡಗೆ 1944ರ ಜುಲೈ 10ರಂದು, ಸಿಸಿಲಿಗೆ ಇಳಿದು ಸರಿಯಾಗಿ ಒಂದು ವರ್ಷಕ್ಕೆ, ಇಟಲಿಯ ಟೈಬರ್ ಕಣಿವೆಯಲ್ಲಿ ಶತ್ರುವಿನ ಮಷಿನ್‌ಗನ್ ನೆಲೆಯ ಮೇಲೆ ಒಬ್ಬರೇ ನುಗ್ಗಿ ಪ್ರಾಣ ಕೊಟ್ಟರು. ಅವರಿಗೆ ಇಪ್ಪತ್ತೆರಡು ವರ್ಷ. ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಬಂತು. ಅವರಿಗೆ ಗುರುತಿಸಿದ ಸಮಾಧಿಯಿಲ್ಲ, ಕಸ್ಸಿನೊದ ಸ್ಮಾರಕದ ಮೇಲೆ ಹೆಸರಿದೆ. ಹವಾಲ್ದಾರರೇ, ಮಾರ್ಟಿನ್ ಸಮಾಧಿಯ ದೃಶ್ಯ ಬಂದಾಗ ನನಗೆ ಘಾಡಗೆ ಅವರೂ ನೆನಪಾಗುತ್ತಾರೆ.

ಐರಿಷ್ ಗೂಢಚಾರ ಓರಾಯ್ಲಿ ನಿಜವಾಗಿ ಇದ್ದನೇ? ಅವನನ್ನು ಹಿಡಿಯದೆ ಬಿಟ್ಟದ್ದು ಏಕೆಂದು ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು.
*ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ*

ಇರಲಿಲ್ಲ ಅಕ್ಕನವರೇ. ಆ ಹೊತ್ತಿಗೆ ಬ್ರಿಟನ್ನಿನಲ್ಲಿದ್ದ ಜರ್ಮನ್ ಗೂಢಚಾರರನ್ನೆಲ್ಲ ಹಿಡಿದು, ಹಲವರನ್ನು ತಮ್ಮ ಕಡೆಗೇ ತಿರುಗಿಸಿಕೊಂಡಿದ್ದರು. ಮಾರ್ಟಿನ್ ನಿಜವೇ ಎಂದು ತಿಳಿಯಲು ಜರ್ಮನರು ಲಂಡನ್ನಿಗೆ ಕಳುಹಿಸುವ ಎದುರಾಳಿ ಚಿತ್ರಕ್ಕೆ ಬೇಕಾಗಿತ್ತು, ನಟ ಸ್ಟೀಫನ್ ಬಾಯ್ಡ್ ಸಿಕ್ಕರು. ಕಟ್ಟುಕಥೆಯಾದರೂ ಒಳ್ಳೆಯ ಕಟ್ಟುಕಥೆ. ಅವನು ಲೂಸಿಗೆ ತನ್ನ ವಿಳಾಸ ಕೊಟ್ಟು ಹೋಗುತ್ತಾನೆ. ಒಂದು ತಾಸಿನಲ್ಲಿ ತನ್ನಿಂದ ಎರಡನೆಯ ಸಂದೇಶ ಬರದಿದ್ದರೆ ತನ್ನನ್ನು ಹಿಡಿದರೆಂದು, ಅಂದರೆ ಮಾರ್ಟಿನ್ ಸುಳ್ಳೆಂದು ತಿಳಿಯಿರಿ ಎಂದು ರೇಡಿಯೊದಲ್ಲಿ ಹೇಳಿ ಕಾಯುತ್ತಾನೆ. ಹಿಡಿದರೆ ಗುಟ್ಟು ಹೊರಬೀಳುತ್ತದೆ, ಆದ್ದರಿಂದ ಮಾಂಟೆಗು ಓಡಿಹೋಗಿ ಬಂಧನವನ್ನು ತಡೆಯುತ್ತಾರೆ. ನಿಮ್ಮ ಮನೆಯ ಚರ್ಚೆಯಲ್ಲಿ ಬಿಟ್ಟದ್ದೇ ಸರಿ ಎಂದವರು ಗೆದ್ದಿದ್ದಾರೆ.

ಬಾಡಿಗೆ ಕೋಣೆಯಲ್ಲಿ ರೇಡಿಯೊ ಮುಂದೆ ಕಾಲಿನ ಸದ್ದಿಗೆ ಕಿವಿಗೊಟ್ಟು ಕುಳಿತ ಆ ದೃಶ್ಯದಲ್ಲಿ ನನಗೆ ನೂರ್ ಇನಾಯತ್ ಖಾನ್ ಕಣ್ಣ ಮುಂದೆ ಬರುತ್ತಾರೆ. ಟಿಪ್ಪು ಸುಲ್ತಾನರ ವಂಶದ ಹೆಣ್ಣುಮಗಳು. ಅದೇ 1943ರ ಜೂನಿನಲ್ಲಿ ಬ್ರಿಟನ್ನಿನಿಂದ ಜರ್ಮನರ ಹಿಡಿತದ ಫ್ರಾನ್ಸಿಗೆ ಹೋದ ಮೊದಲ ಮಹಿಳಾ ರೇಡಿಯೊ ಚಾಲಕಿ. ಅಕ್ಟೋಬರಿನವರೆಗೆ ಪ್ಯಾರಿಸಿನಲ್ಲಿ ಮನೆಯಿಂದ ಮನೆಗೆ ಬದಲಾಯಿಸುತ್ತಾ ಸಂದೇಶ ಕಳುಹಿಸಿದರು. ಯಾರೋ ಹಿಡಿದುಕೊಟ್ಟರು. 1944ರ ಸೆಪ್ಟೆಂಬರಿನಲ್ಲಿ ಜರ್ಮನರು ಡಕಾವು ಯಾತನಾ ಶಿಬಿರದಲ್ಲಿ ಅವರನ್ನು ಕೊಂದರು. ಅವರ ಕೋಣೆಯ ಬಾಗಿಲಲ್ಲಿ ಬಂಧನವನ್ನು ತಡೆಯುವವರು ಯಾರೂ ಇರಲಿಲ್ಲ.

ತಂದೆಯ ಒಪ್ಪಿಗೆ ಕೇಳುವ ದೃಶ್ಯವನ್ನು ನೀವು ಬಾಯಿತುಂಬ ಹೊಗಳಿದಿರಿ. ನಿಜದಲ್ಲಿ ಯಾರನ್ನೂ ಕೇಳಲಿಲ್ಲ ಎಂಬುದನ್ನು ಏಕೆ ಬರೆಯಲಿಲ್ಲ? ನೀವೇ ಆ ತಂದೆಯಾಗಿದ್ದರೆ ಒಪ್ಪುತ್ತಿದ್ದಿರಾ?
*ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಗದಗ*

ಗುರುಗಳೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಿಟ್ಟಿನಿಂದ ಬರೆದಿದ್ದೀರಿ, ಆ ಸಿಟ್ಟು ನ್ಯಾಯವಾದದ್ದು.

ಚಿತ್ರದಲ್ಲಿ ಮಗನನ್ನು ಆಗತಾನೆ ಕಳೆದುಕೊಂಡ ಸ್ಕಾಟ್ಲೆಂಡಿನ ತಂದೆಯ ಎದುರು ಮಾಂಟೆಗು ನಿಲ್ಲುತ್ತಾರೆ. ದೇಹ ಬೇಕು, ಕಾರಣ ಹೇಳಲಾಗದು ಎನ್ನುತ್ತಾರೆ. ತಂದೆ ಯೋಚಿಸುತ್ತಾನೆ, ಕೊಡುತ್ತಾನೆ. ಮೌಲ್ಟ್ರಿ ಕೆಲ್ಸಾಲ್ ಎಂಬ ನಟ ಆ ತಂದೆಯನ್ನು ಅಭಿನಯಿಸಿದ ಬಗೆ ಇಂದಿಗೂ ನನ್ನನ್ನು ಕಲಕುತ್ತದೆ. ಇಡೀ ಚಿತ್ರದಲ್ಲಿ ಸತ್ತವನನ್ನು ಮಗನೆಂದು ನೋಡುವುದು ಅಲ್ಲಿ ಮಾತ್ರ. ಆ ಹೊಗಳಿಕೆಯನ್ನು ಹಿಂದೆಗೆದುಕೊಳ್ಳುವುದಿಲ್ಲ.

ಆದರೆ ನಿಜದಲ್ಲಿ ಅಂಥ ತಂದೆ ಇರಲೇ ಇಲ್ಲ. ಆ ಯುವಕ ಹದಿಹರೆಯದಲ್ಲಿದ್ದಾಗಲೇ ತಂದೆ ಹೋಗಿದ್ದರು, 1940ರಲ್ಲಿ ತಾಯಿಯೂ ಹೋದರು. ಮನೆಯಿಲ್ಲದೆ ಲಂಡನ್ನಿಗೆ ಬಂದವನು ಪಾಳುಬಿದ್ದ ಗೋದಾಮೊಂದರಲ್ಲಿ ಪಾಷಾಣ ತಿಂದು ಬಿದ್ದಿದ್ದ. ಕೇಳುವವರಿಲ್ಲದ ದೇಹ ಎಂಬುದೇ ಅವರಿಗೆ ಅನುಕೂಲವಾಯಿತು. ಹೆಸರನ್ನು ಎಂದೂ ಹೇಳಬಾರದೆಂಬ ಷರತ್ತಿನ ಮೇಲೆ ಬಂಧುಗಳು ಒಪ್ಪಿದರು ಎಂದು ಮಾಂಟೆಗು ತಮ್ಮ ಪುಸ್ತಕದಲ್ಲಿ ಬರೆದರು. ಚಿತ್ರದವರು ಆ ಮಾತಿನಿಂದಲೇ ತಂದೆಯನ್ನು ಹುಟ್ಟಿಸಿದರು. ಕೊನೆಯಲ್ಲಿ ಮಾಂಟೆಗು ಹುವೆಲ್ವಾಗೆ ಹೋಗಿ ತಮ್ಮ ಪದಕವನ್ನು ಸಮಾಧಿಯ ಮೇಲೆ ಇಟ್ಟು ಬರುತ್ತಾರಲ್ಲ, ಆಗಲೂ ಕಲ್ಲಿನ ಮೇಲೆ ಇರುವುದು ಮಾರ್ಟಿನ್ ಹೆಸರು.

ನಾನು ಒಪ್ಪುತ್ತಿದ್ದೆನೇ? ನನಗೂ ಒಬ್ಬ ಮಗನಿದ್ದಾನೆ. ನಿಮ್ಮ ಪ್ರಶ್ನೆ ಓದಿದ ಸಂಜೆ ಅವನಿಗೆ ಫೋನ್ ಮಾಡಿ ಸುಮ್ಮನೆ ಮಾತಾಡಿದೆ, ಕಾರಣ ಹೇಳಲಿಲ್ಲ. ಎಷ್ಟೋ ಸಾವಿರ ಪ್ರಾಣ ಉಳಿಯುತ್ತದೆಂದರೆ ಬಹುಶಃ ಒಪ್ಪುತ್ತಿದ್ದೆ. ಆದರೆ ಬಂದು ಕೇಳಬೇಕಾಗಿತ್ತು, ಅವನ ಹೆಸರು ಹಿಡಿದು ಕೇಳಬೇಕಾಗಿತ್ತು. ವಿಳಾಸದಾರ ತೀರಿಕೊಂಡಿದ್ದರೆ ಕಾಗದದ ಮೇಲೆ ಹಾಗೆಂದು ಬರೆದು ಕಳುಹಿಸಿದವರಿಗೆ ಮರಳಿಸುವುದು ನಮ್ಮ ನಿಯಮ. ಬರೆಯುವ ಮೊದಲು ಪೋಸ್ಟಮನ್ ಆ ಮನೆಯ ಬಾಗಿಲಿಗೆ ಹೋಗಿಯೇ ಬರಬೇಕು. ಕೂತಲ್ಲಿಂದ ಬರೆಯುವಂತಿಲ್ಲ.

ನಿಮ್ಮ ಪತ್ರ ಬಂದ ಮೇಲೆ ಕಳೆದ ತಿಂಗಳ ನನ್ನ ಬರಹವನ್ನು ತೆಗೆದು ನೋಡಿದೆ. ಅದರಲ್ಲಿ ‘ಶವ’ ಎಂದು ಒಂಬತ್ತು ಸಲ ಬರೆದಿದ್ದೇನೆ. ಹೆಸರನ್ನು ಒಮ್ಮೆಯೂ ಬರೆದಿಲ್ಲ. ತಪ್ಪು ನನ್ನದು. ತಿದ್ದುಪಡಿಯನ್ನು ಇಲ್ಲಿ ಕೊಡುತ್ತಿದ್ದೇನೆ, ಸಂಪಾದಕರು ದಪ್ಪ ಅಕ್ಷರದಲ್ಲಿ ಹಾಕಬೇಕೆಂದು ಕೋರುತ್ತೇನೆ.

ಆತನ ಹೆಸರು ಗ್ಲಿಂಡೂರ್ ಮೈಕೆಲ್. ಹುಟ್ಟಿದ್ದು 1909ರಲ್ಲಿ, ವೇಲ್ಸ್ ಪ್ರಾಂತದ ಅಬರ್‌ಬಾರ್ಗೋಡ್ ಎಂಬ ಗಣಿಯೂರಿನಲ್ಲಿ. ಹವ್ಯಾಸಿ ಇತಿಹಾಸಕಾರ ರೋಜರ್ ಮಾರ್ಗನ್ 1996ರಲ್ಲಿ ಹಳೆಯ ಸರಕಾರಿ ಕಡತಗಳಲ್ಲಿ ಈ ಹೆಸರನ್ನು ಕಂಡುಹಿಡಿದರು. ಆ ಬಳಿಕ ಹುವೆಲ್ವಾದ ಕಲ್ಲಿನ ಮೇಲೆ, ಮಾರ್ಟಿನ್ ಹೆಸರಿನ ಕೆಳಗೆ, ಗ್ಲಿಂಡೂರ್ ಮೈಕೆಲ್ ಮೇಜರ್ ವಿಲಿಯಂ ಮಾರ್ಟಿನ್ ಆಗಿ ಸೇವೆ ಸಲ್ಲಿಸಿದರು ಎಂದು ಕೆತ್ತಿಸಲಾಯಿತು.